ಬೆನ್ನು ನೋಡುತ್ತಿದ್ದ ಮೇಡಂ

ವಿದ್ಯಾರಣ್ಯಪುರದಲ್ಲಿ ಬೆನ್ನುನೋವಿಗೆ ಚಿಕಿತ್ಸೆ ಕೊಡುತ್ತಿದ್ದ ಆಕೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮೊದಲು ನಮ್ಮನ್ನು ಬರಿಗಾಲಲ್ಲಿ ನಡೆಸಿ ನೋಡುವರು. ಆಮೇಲೆ ಬೋರಲು ಮಲಗಿಸಿ, ಬೆನ್ನುಮೂಳೆಯ ಉದ್ದಕ್ಕೂ ಹೆಬ್ಬೆರಳು ಒತ್ತುತ್ತ ಹೋಗಿ, ಒಂದು ಕಡೆ ನಿಲ್ಲಿಸಿ, "ಉಸಿರು ಬಿಡಿ. ಬರೀ ಸದ್ದು ಕಣ್ರೀ, ಹೆದರ್ಬೇಡಿ" ಎನ್ನುವರು. ಲಟಕ್ಕೆಂದು ಸದ್ದಾಗುವುದು. ನನ್ನ ಸೊಂಟ ಹಗುರವಾದದ್ದರಿಂದ, ಕುತ್ತಿಗೆ ನೋವೆನ್ನುತ್ತಿದ್ದ ಅಕ್ಕನನ್ನೂ ಕೋಗಿಲಿನ ಅವಳ ಮನೆಯಿಂದ ಕರೆದುಕೊಂಡು ಹೋದೆ.

ಅಕ್ಕನಿಗೂ ಅದೇ ಮಾತು ಹೇಳಿ ಕುತ್ತಿಗೆ ತಿರುಗಿಸಿದರು. ಸದ್ದಾಯಿತು. ಅಕ್ಕ ಎದ್ದು ಕೂತು, "ಎಲ್ಲಾ ಎರಡೆರಡು ಕಾಣ್ತಿದೆ ಕಣೋ" ಎಂದಳು. ನಾಲಿಗೆ ತೊದಲುತ್ತಿತ್ತು.

"ಸ್ವಲ್ಪ ಮಲಗಿದ್ರೆ ಸರಿ ಹೋಗತ್ತೆ ಅಲ್ವಾ ಮೇಡಂ?" ಎಂದೆ.

"ಇಲ್ಲ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು" ಎಂದವರೇ, ಚಪ್ಪಲಿಯನ್ನೂ ಮೆಟ್ಟದೆ ತಾವೇ ಕಾರು ಓಡಿಸಿದರು.

"ಬಿದ್ರಾ?" ಎಂದು ಅಲ್ಲಿ ಡಾಕ್ಟರು ಕೇಳಿದರು. ಮೇಡಂ ಮುಂದೆ ಬಂದು, "ಬಿದ್ದಿಲ್ಲ ಡಾಕ್ಟ್ರೇ. ನಾನು ಕುತ್ತಿಗೆ ತಿರುಗಿಸಿದೆ, ಆಮೇಲೆ ಹೀಗಾಯ್ತು" ಎಂದರು.

ಕುತ್ತಿಗೆಯ ರಕ್ತನಾಳ ಹರಿದು ಮಿದುಳಿಗೆ ಪೆಟ್ಟಾಗಿತ್ತು. ಆ ಮಾತಿನಿಂದಾಗಿ ಡಾಕ್ಟರು ತಡಮಾಡದೆ ಅದನ್ನು ಕಂಡುಹಿಡಿದರು. ಅಕ್ಕ ಉಳಿದಳು. ಎಡಗೈ ಮಾತ್ರ ಮತ್ತೆ ಏಳಲಿಲ್ಲ.

ಮೇಡಂ ಕ್ಲಿನಿಕ್ ಮುಚ್ಚಿದರು. ಒಂದು ಮಧ್ಯಾಹ್ನ ಅಕ್ಕನ ಮನೆಗೆ ಬಂದು, ಹಾಸಿಗೆಯ ಪಕ್ಕ ಕುಳಿತು, ಆ ಕೈಯನ್ನೇ ಬಹಳ ಹೊತ್ತು ನೋಡಿದರು.

"ಒಂದ್ಸಲ ಮುಟ್ಲಾ?" ಎಂದು ಕೇಳಿದರು.

ಅಕ್ಕ ಬಲಗೈಯಿಂದ ಎಡಗೈಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ಕಾಫಿ ಕುಡ್ಕೊಂಡು ಹೋಗಿ" ಎಂದಳು.