ನೀರಿನ ಮೇಲೆ ಖಾರ ಕುಟ್ಟುವ ಸದ್ದು

ಪವಾಡಗಳ ಮಾತು ಬಂದರೆ ನಾನು ಮೆಲ್ಲಗೆ ಎದ್ದು ಚಹಾ ಮಾಡಲು ಹೋಗುವವಳು. ನಮ್ಮದು ಹೊಸಪೇಟೆಯ ಚಿತ್ತವಾಡ್ಗಿಯ ಒಂದು ಚಿಕ್ಕ ಚರ್ಚು. ಎಲ್ಲಿ ನೆರೆ ಬಂದರೂ ನಮ್ಮ ತಂಡ ಅಕ್ಕಿ, ಹೊದಿಕೆ, ಔಷಧಿ ಹೊತ್ತು ಹೊರಡುತ್ತದೆ. ನಾನು ನರ್ಸ್, ಹಾಗಾಗಿ ಪ್ರತಿ ಸಲವೂ ಜೊತೆಗಿರುತ್ತೇನೆ. ಮರಳಿದ ಮೇಲೆ ಪ್ರಾರ್ಥನೆಯಲ್ಲಿ ಒಬ್ಬೊಬ್ಬರು ತಾವು ಕಂಡ ಅದ್ಭುತಗಳನ್ನು ಹೇಳುತ್ತಾರೆ. ಅವೆಲ್ಲ ದಣಿದ ಮನಸ್ಸಿನ ಆಟ ಎಂದೇ ನನ್ನ ಎಣಿಕೆಯಾಗಿತ್ತು. ಈಗ ನಾನು ಹೇಳುವುದನ್ನೂ ನೀವು ಹಾಗೆಯೇ ಅಂದುಕೊಂಡರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಜಲಾಶಯದಿಂದ ನೀರು ಬಿಟ್ಟಾಗ ಕಂಪ್ಲಿಯ ದಂಡೆಯ ಮನೆಗಳಿಗೆ ಹೊಳೆ ನುಗ್ಗಿತ್ತು. ನಾವು ಅಲ್ಲಿನ ಶಾಲೆಯೊಂದರಲ್ಲಿ ನಿರಾಶ್ರಿತರಿಗೆ ಅಡುಗೆ ಮಾಡುತ್ತಿದ್ದೆವು. ಮಧ್ಯಾಹ್ನ ಒಬ್ಬಾತ ಕಾಲಿನ ಗಾಯದಿಂದ ರಕ್ತ ಸುರಿಸುತ್ತ ಬಂದ. ಅವನ ತುಂಬು ಬಸುರಿ ಹೆಂಡತಿ ಮತ್ತು ತಾಯಿ ಬಾಳೆತೋಟದ ಪಂಪ್‌ಹೌಸಿನ ಮೇಲೆ ಸಿಕ್ಕಿಬಿದ್ದಿದ್ದರು. ಸಹಾಯ ಕೇಳಲು ಇವನೊಬ್ಬ ಈಜಿ ಬಂದಿದ್ದ.

"ಬೆಳಿಗ್ಗಿಂದ ಬ್ಯಾನಿ ತಿನ್ನಾಕತ್ತ್ಯಾಳ್ರಿ," ಎಂದ. ಹೆರಿಗೆ ನೋವು.

ರಕ್ಷಣಾ ದೋಣಿ ಆಚೆ ದಂಡೆಯಲ್ಲಿತ್ತು. ಹರಿಗೋಲಿನ ಹುಲುಗಪ್ಪ ಹುಟ್ಟು ಕೈಗೆತ್ತಿಕೊಂಡ. ನಾನೂ ನಮ್ಮ ಪಾಸ್ಟರೂ ಹತ್ತಿದೆವು.

ಅರ್ಧ ದಾರಿಯಲ್ಲಿ ಮಳೆ ದಟ್ಟವಾಗಿ ದಂಡೆ ಯಾವುದು, ತೋಟ ಯಾವುದು ತಿಳಿಯದಾಯಿತು. ಕೆಂಪು ನೀರು, ಅಲ್ಲಲ್ಲಿ ಬಾಳೆಯ ತುದಿ. ಹರಿಗೋಲು ಗಿರಗಿರ ತಿರುಗಿತು. ಕೂಗಿದೆವು, ಉತ್ತರವಿಲ್ಲ.

"ಇನ್ನ ಮುಂದ ಹೋದ್ರ ಸೆಳವಿಗೆ ಸಿಗ್ತೀವ್ರಿ. ಹೊಳ್ಳಿ ಹೋಗೋದ ಚಲೋ," ಎಂದ ಹುಲುಗಪ್ಪ.

ಆಗ ಕೇಳಿಸಿತು. ಒರಳಿನಲ್ಲಿ ಖಾರ ಕುಟ್ಟುವ ಸದ್ದು. ಕಲ್ಲಿನ ಮೇಲೆ ಕುಟ್ಟುವ ಹಾರೆ ಬೀಳುತ್ತಿತ್ತು, ನಡುವೆ ಬಳೆ ಅಲುಗುತ್ತಿತ್ತು. ನನ್ನ ಭ್ರಮೆ ಎಂದುಕೊಂಡೆ. ಆದರೆ ಹುಲುಗಪ್ಪ ಹುಟ್ಟು ನಿಲ್ಲಿಸಿ, "ಈ ನೀರಾಗ ಯಾರ್ರೀ ಖಾರ ಕುಟ್ಟಾಕತ್ತಾರ?" ಎಂದ. ಪಾಸ್ಟರ್ ಬಲಕ್ಕೆ ಕೈ ತೋರಿಸಿದರು. ನನಗೂ ಅಲ್ಲಿಂದಲೇ ಕೇಳುತ್ತಿತ್ತು.

ಮಾತಾಡಿದರೆ ಸದ್ದು ತಪ್ಪೀತೆಂದು ಮೂವರೂ ಬಾಯಿ ಬಿಗಿಹಿಡಿದು ಅದರ ಬೆನ್ನು ಹತ್ತಿದೆವು. ಪಂಪ್‌ಹೌಸಿನ ಗೋಡೆಗೆ ಹರಿಗೋಲು ತಾಗಿದ್ದೇ ತಡ, ಸದ್ದು ನಿಂತಿತು.

ನೀರು ಮಾಳಿಗೆಗಿಂತ ಒಂದು ಗೇಣು ಕೆಳಗಿತ್ತು. ಸೊಸೆ ರೇಣುಕಾ ಹಲ್ಲು ಕಚ್ಚಿ ಮಲಗಿದ್ದಳು. ಅತ್ತೆ ಈರಮ್ಮ ಎರಡೂ ಕೈಗಳಿಂದ ಅವಳನ್ನು ತಬ್ಬಿಕೊಂಡಿದ್ದಳು. ಮಾಳಿಗೆಯ ಮೇಲೆ ಅವರಿಬ್ಬರನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಮರಳುವಾಗ ಮಳೆ ತೆಳುವಾಗಿ ಶಾಲೆಯ ಹೊಗೆ ಕಂಡಿತು. ತರಗತಿಯೊಂದರಲ್ಲಿ ಬೆಂಚು ಜೋಡಿಸಿ, ಹೆಂಗಸರು ಸೀರೆ ಅಡ್ಡ ಹಿಡಿದರು. ಹೆರಿಗೆ ನಾನೇ ಮಾಡಿಸಿದೆ. ಹೆಣ್ಣು ಕೂಸು. ಅದು ಅತ್ತಾಗ ಮನೆ ಕಳೆದುಕೊಂಡು ಕುಳಿತಿದ್ದ ಮಂದಿಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಲುಗಪ್ಪ ಹುಟ್ಟನ್ನು ತಲೆಯ ಮೇಲೆತ್ತಿ ಕುಣಿದ. ನಮ್ಮ ಗಂಭೀರ ಪಾಸ್ಟರೂ ಕುಣಿದರು. ಹೊಳೆಯನ್ನು ಗೆದ್ದು ಬಂದಂತೆ ಶಾಲೆಯೆಲ್ಲ ಗದ್ದಲ.

ಆಮೇಲೆ ಈರಮ್ಮನನ್ನು ಕೇಳಿದೆ, ಏನನ್ನು ಕುಟ್ಟುತ್ತಿದ್ದಿರಿ ಎಂದು.

"ನಾನೇನು ಕುಟ್ಲಿ ಯವ್ವಾ? ಇಕಿನ್ನ ಹಿಡ್ಕೊಂಡು ಕುಂತಿದ್ದೆ. ನೀವ ಹಾಡ್ಕೋಂತ ಬಂದ್ರಲ್ಲ, ಅಷ್ಟು ಮಂದಿ ಹೆಣ್ಮಕ್ಕಳು. ಅದನ್ನ ಕೇಳೇ ಇಕಿಗೆ ಹೇಳಿದೆ, ತಡಕೊ ಮಗಳ, ಬಂದ್ರು ಅಂತ."

ಹರಿಗೋಲಿನಲ್ಲಿದ್ದ ಹೆಣ್ಣು ನಾನೊಬ್ಬಳೇ. ಹಾಡಿನ ಮಾತಿರಲಿ, ನಮ್ಮಲ್ಲಿ ಯಾರೂ ಉಸಿರೂ ಜೋರಾಗಿ ಬಿಟ್ಟಿರಲಿಲ್ಲ.

ಪಾಸ್ಟರ್ ಅದನ್ನು ದೇವರ ಕೃಪೆ ಎನ್ನುತ್ತಾರೆ. ಹುಲುಗಪ್ಪ ಗಂಗಮ್ಮನ ಕೆಲಸ ಎನ್ನುತ್ತಾನೆ. ನನಗೆ ಗೊತ್ತಿಲ್ಲ. ಕಂಪ್ಲಿಗೆ ಹೋದಾಗಲೆಲ್ಲ ಈರಮ್ಮ ನನ್ನ ಕೈ ಹಿಡಿದು, "ಅವತ್ತು ಹಾಡ್ಕೋಂತ ಬಂದಾಕಿ ಇಕೀನ," ಎಂದು ಓಣಿಯವರಿಗೆ ತೋರಿಸುತ್ತಾಳೆ. ಮೊದಮೊದಲು ಅಲ್ಲವೆಂದು ತಿಳಿಸಿ ಹೇಳುತ್ತಿದ್ದೆ. ಈಗ ಅವಳ ಮೊಮ್ಮಗಳನ್ನು ಎತ್ತಿಕೊಂಡು ಹೌದೆನ್ನುತ್ತೇನೆ.