ಅಕ್ಕನ ಮೊಣಕಾಲ ಕೆಳಗಿನ ನೋವು

ನನ್ನ ಅಕ್ಕನನ್ನು ಕೊಯಮತ್ತೂರಿನಾಚೆಯ ಊರು ವೆಳ್ಳಕೋಯಿಲ್‌ಗೆ ಕೊಟ್ಟಿದ್ದೆವು. ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು. ಬೆಡ್‌ಶೀಟು ನೇಯುವ ಆ ಮಗ್ಗಗಳ ನಡುವೆ ಅಕ್ಕ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದಳು. ಹಾಗಾಗಿ ಮೊಣಕಾಲ ಕೆಳಗೆ ನೋವು ಶುರುವಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನಿಂತು ದುಡಿಯುವವರಿಗೆಲ್ಲ ಇದ್ದದ್ದೇ ಎಂದರು ಅವಳ ಅತ್ತೆ; ಎಣ್ಣೆ ಕಾಯಿಸಿ ತಿಕ್ಕಿದರು.

ನೋವು ಎರಡೂ ಕಾಲಿಗೆ ಹರಡಿತು. ಆಮೇಲೆ ದಾಹ. ಚೊಂಬುಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಸಕ್ಕರೆ ಕಾಯಿಲೆ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. ಮೂಳೆ ಡಾಕ್ಟರು ಸವೆತ ಎಂದರು. ಇನ್ನೊಬ್ಬರು, ಮನಸ್ಸಿನಲ್ಲಿ ಏನೋ ಚಿಂತೆಯಿರಬೇಕು ಎಂದುಬಿಟ್ಟರು. ಆ ಮಾತು ಮನೆಯಲ್ಲಿ ಬೇರೂರಿಬಿಟ್ಟಿತು. ಅಕ್ಕ ಕುಂಟುತ್ತ ಬಂದರೆ, ಇದೆಲ್ಲ ನಾಟಕ ಎಂಬಂತೆ ಅತ್ತೆ ಮುಖ ತಿರುಗಿಸುತ್ತಿದ್ದರು.

ಅವಳ ಒಂದು ಕಣ್ಣು ಮುಂದಕ್ಕೆ ಉಬ್ಬಿದಂತೆ ಕಂಡ ಮೇಲೆ ನಾನೇ ಹೋಗಿ, ನಾನಿರುವ ಕೊಯಮತ್ತೂರಿಗೆ ಕರೆತಂದೆ. ಇಲ್ಲಿನ ಡಾಕ್ಟರಮ್ಮ ಕಣ್ಣು ನೋಡಿ, ಕಾಲು ಒತ್ತಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಮೂರನ್ನೂ ಒಟ್ಟಿಗೆ ನೋಡಿದವರು ಅವರೇ ಮೊದಲು. ಸ್ಕ್ಯಾನ್ ಆಯಿತು. ಕಾಲಿನ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತದ ಒಂದು ಬಗೆಯ ಕಣಗಳು ಹದ್ದುಮೀರಿ ಬೆಳೆದು ಮೂಳೆಗಳಲ್ಲಿ, ಕಿಡ್ನಿಯ ಸುತ್ತ, ಹೃದಯದ ಸುತ್ತ, ಕಣ್ಣಿನ ಹಿಂದೆ ಸೇರಿಕೊಳ್ಳುವ ಕಾಯಿಲೆಯಂತೆ; ಅದರ ಹೆಸರನ್ನೂ ಹೇಳಿದರು. ಅವರೂ ಪುಸ್ತಕದಲ್ಲಿ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ತಲೆಯೊಳಗಿನ ಗ್ರಂಥಿಗೂ ತಗುಲಿದ್ದರಿಂದಲೇ ಆ ದಾಹ. ಪೂರ್ತಿ ವಾಸಿಯಾಗುವುದಿಲ್ಲ, ತಡೆದು ಹಿಡಿಯಲು ನೋಡೋಣ ಎಂದು ತಮಿಳಿನಲ್ಲಿ ನಿಧಾನವಾಗಿ ತಿಳಿಸಿದರು.

ನನಗೆ ಅಳು ತಡೆಯಲಾಗಲಿಲ್ಲ. ಅಕ್ಕನ ಮುಖ ಮಾತ್ರ ಹಗುರಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಹೇಳಿದಳು: "ಇದ್ಕೂ ಒಂದು ಪೇರು ಇದೆಯಲ್ಲ, ಅದು ಸಾಕು. ನಾನು ನಡಿಪ್ಪು ಮಾಡ್ತಿಲ್ಲ ಅಂತ ಇನ್ನಾದ್ರೂ ನಂಬ್ತಾರೆ."

ನಂಬಿದರು. ಅತ್ತೆ ಆಮೇಲೆ ಅವಳನ್ನು ಶೆಡ್ಡಿಗೆ ಬಿಡಲಿಲ್ಲ. ಊಟದ ತಟ್ಟೆಯನ್ನು ಮಂಚಕ್ಕೇ ತಂದುಕೊಡುತ್ತಿದ್ದರು. ಮಾತ್ರೆಗಳಿಂದ ದಾಹ ಇಳಿಯಿತು, ನೋವೂ ಕೆಲವು ತಿಂಗಳು ಹತೋಟಿಯಲ್ಲಿತ್ತು. ಆಗ ಅಕ್ಕ, ನಮ್ಮಮ್ಮನ ಊರು ಮಡತ್ತುಕುಳಂಗೆ ಹೋಗಬೇಕೆಂದಳು. ಭಾವ ಕಾರು ಮಾಡಿಸಿದರು. ಅಮರಾವತಿ ಹೊಳೆಯ ಮೆಟ್ಟಿಲ ಮೇಲೆ ಕೂತು ಅವಳು ನೀರಿಗೆ ಕಾಲು ಇಳಿಬಿಟ್ಟಳು. ಭಾವ ಪಂಚೆ ಎತ್ತಿಕಟ್ಟಿ ನೀರಿನಲ್ಲಿ ನಿಂತು, ಜಾರದಂತೆ ಅವಳ ಭುಜ ಹಿಡಿದುಕೊಂಡಿದ್ದರು. ತುಂಬ ಹೊತ್ತು ಇಬ್ಬರೂ ಹಾಗೇ ಇದ್ದರು.

ಮಳೆಗಾಲಕ್ಕೆ ಮುಂಚೆಯೇ ಅವಳ ಹೃದಯದ ಸುತ್ತ ನೀರು ತುಂಬಿತು. ತೆಗೆದರು, ಮತ್ತೆ ತುಂಬಿತು. ಎರಡನೆಯ ಸಲ ಆಸ್ಪತ್ರೆಗೆ ಸೇರಿದವಳು ಎದ್ದು ಬರಲಿಲ್ಲ.

ಕೊಯಮತ್ತೂರಿನಿಂದ ಅವಳ ದೇಹವನ್ನು ಊರಿಗೆ ಒಯ್ಯುವಾಗ ಭಾವ ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂತಿದ್ದರು, ನಾನು ಎದುರಿಗೆ. ಕಾಂಗೇಯಂ ದಾಟಿದೆವು. ಮುಂದೆ ರಸ್ತೆ ಅಗೆದಿದ್ದರು. ಭಾವ ಮುಂದಕ್ಕೆ ಬಾಗಿ ಡ್ರೈವರಿಗೆ ಮೆಲ್ಲಗೆ ಓಡಿಸಪ್ಪ ಎಂದರು, ಅವಳ ಕಾಲು ಕುಲುಕಬಾರದು ಎಂದು.