ಕಂಡಕ್ಟರ್ ಕಾಕಾನ ಎಡಗೈ

ಕಂಡಕ್ಟರ್ ಕಾಕಾನ ಎಡ ಮುಂಗೈಯ ನರವೊಂದು ಹೆಬ್ಬೆರಳಿನ ಗಾತ್ರಕ್ಕೆ ಉಬ್ಬಿ, ಮೊಣಕೈವರೆಗೆ ಹಗ್ಗದಂತೆ ಸುತ್ತಿಕೊಂಡಿತ್ತು. ಡಯಾಲಿಸಿಸ್ಸಿಗೆಂದು ಆಪರೇಷನ್ ಮಾಡಿ ಉಬ್ಬಿಸಿದ ನರ. ಮುಟ್ಟಿದರೆ ಒಳಗೆ ಗುಂಯ್ ಎಂದು ನಡುಗುತ್ತಿತ್ತು. ಎರಡು ಸೂಜಿ ಚುಚ್ಚಿದ ಮೇಲೆ ಆ ಕೈಯನ್ನು ನಾಲ್ಕು ತಾಸು ಅಲ್ಲಾಡಿಸುವಂತಿರಲಿಲ್ಲ. ಅಷ್ಟು ಹೊತ್ತು ಅವರ ಎಡಗೈ ನಾನಾಗಿದ್ದೆ.

ನಮ್ಮದು ಗಜೇಂದ್ರಗಡ. ಅತ್ತೆಯ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಮೂರು ಸಲ ಅವರನ್ನು ಬಸ್ಸಿನಲ್ಲಿ ರೋಣದ ದವಾಖಾನೆಗೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ಮಧ್ಯಾಹ್ನದ ಪಾಳಿ. ಅತ್ತೆಯ ಪಕ್ಕದ ಮಂಚ ಕಾಕಾನದು. ಅಬ್ಬಿಗೇರಿಯವರು. ನರಗುಂದದಿಂದ ಗಜೇಂದ್ರಗಡದವರೆಗೆ ಬಸ್ಸಿನಲ್ಲಿ ಓಡಾಡಿ ನಿವೃತ್ತರಾದವರು. ಮಲಗುವಾಗಲೂ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ಒಳಗೆ ಬಂದೊಡನೆ ಆ ಕೋಣೆಯ ಜನರನ್ನು ಎಣಿಸುತ್ತಿದ್ದರು. ಎಲ್ಲರೂ ಬಂದಿದ್ದಾರೆಂದು ಗೊತ್ತಾದ ಮೇಲೆಯೇ ಚಪ್ಪಲಿ ಬಿಡುತ್ತಿದ್ದರು.

ಅವರ ಫೋನಿನಲ್ಲೊಂದು ಆಟವಿತ್ತು. ಸತ್ತವರು ಎದ್ದು ತಿರುಗುವ ಪಾಳುಪಟ್ಟಣ. ಎಲ್ಲೆಲ್ಲಿಯವರೋ ನಾಲ್ವರು ಕೂಡಿ ಆಡಬೇಕು; ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಗಾಯಕ್ಕೆ ಪಟ್ಟಿ, ಗಾಡಿಗೆ ಪೆಟ್ರೋಲು ಹುಡುಕಿಕೊಂಡು ಊರಾಚೆ ನಿಂತ ವ್ಯಾನನ್ನು ಮುಟ್ಟಬೇಕು. ಒಬ್ಬರು ಬಿದ್ದರೆ ಉಳಿದವರು ಲಗುಬಗೆಯಿಂದ ಹೋಗಿ ಪಟ್ಟಿ ಕಟ್ಟಿ ಎಬ್ಬಿಸಬೇಕು. ತಡವಾದರೆ ಬಿದ್ದವರೂ ಹೆಣವಾಗಿ ಎದ್ದು ನಮ್ಮನ್ನೇ ಕಚ್ಚಲು ಬರುತ್ತಾರೆ.

ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ತಿಳಿದು, ಪರದೆಯ ಮೇಲಿನ ಇಂಗ್ಲಿಷ್ ಓದಿ ಹೇಳಲು ಮೊದಲು ಕೇಳಿದ್ದರು. ಓದಿ ಹೇಳುತ್ತಿದ್ದೆ, ಅಷ್ಟೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಮಾಡುತ್ತಿದ್ದೆ, ಮಾಡಿದ್ದು ನೆನಪಿರುತ್ತಿರಲಿಲ್ಲ. ಮಷೀನಿನ ಕೆಂಪು ನಳಿಕೆ, ಅತ್ತೆಯ ಟವೆಲ್ಲಿನ ನೀಲಿ ಅಂಚು, ಇಂಥವು ಮಾತ್ರ ಕಣ್ಣಿಗೆ ಬೀಳುತ್ತಿದ್ದವು.

ಒಂದು ಬುಧವಾರ ಅತ್ತೆ ಗೋಡೆಯ ಕಡೆ ಹೊರಳಿ, "ಇದ ಕಡೀದು. ಶುಕ್ರವಾರ ನಾ ಬರಂಗಿಲ್ಲ. ಸಾಕಾಗೇತಿ ನನಗ" ಎಂದರು. ಎರಡು ಪಾಳಿ ತಪ್ಪಿದರೆ ಎದೆಯಲ್ಲಿ ನೀರು ತುಂಬುತ್ತದೆಂದು ಡಾಕ್ಟರು ಹೇಳಿದ್ದರು. ನಾನು ಟವೆಲ್ ಮಡಚಿದೆ.

ಕಾಕಾ ಇತ್ತ ಮುಖ ತಿರುಗಿಸಿದರು. "ಅಕ್ಕಾರ, ನಿಮ್ಮ ಸೊಸೀನ್ನ ನನಗ ಎಡಗೈಗೆ ಕೊಡ್ತೀರೇನ್ರಿ?"

"ಏನಂದ್ರಿ?"

"ಬಲಗೈಲೆ ಗುಂಡ ಹಾರಸ್ತೀನ್ರಿ. ನಡಿಯಾಕ ಎಡಗೈ ಬೇಕು, ಅದಕ್ಕ ಸೂಜಿ ಹಾಕ್ಯಾರ. ನಿಂತಲ್ಲೇ ನಿಂತೇನಿ, ಹೆಣಾ ಬರಾಕತ್ತಾವು."

ಅತ್ತೆ ತಲೆಯೆತ್ತಿದರು. "ಹೆಣಾ? ಎಲ್ಲಿ?"

"ಫೋನಿನ್ಯಾಗ್ರಿ. ನೀವ್ ಬರ್ಲಿಲ್ಲಂದ್ರ ಸೊಸಿ ಬರಂಗಿಲ್ಲ. ಸೊಸಿ ಬರ್ಲಿಲ್ಲಂದ್ರ ನನ್ನ ತಿಂದ ಬಿಡ್ತಾವು ನೋಡ್ರಿ."

"ತಲಿ ನೆಟ್ಟಗ ಐತಿಲ್ಲೋ ನಿಮಗ!" ಎಂದು ಅತ್ತೆ ಬೈದರು. ಆದರೂ ನನ್ನತ್ತ ಕೈ ಬೀಸಿ, "ಹೋಗ, ಆ ಮನಷ್ಯಾಗ ಏನ ಬೇಕ ನೋಡ" ಎಂದರು.

ಅಂದಿನಿಂದ ಫೋನಿನ ಬಲ ತುದಿ ಅವರದು, ಎಡ ತುದಿ ನನ್ನದು. ನನ್ನ ಹೆಬ್ಬೆರಳು ನಡೆಸಿದತ್ತ ಅವರು ನಡೆಯುತ್ತಿದ್ದರು. ಶುಕ್ರವಾರ ಅತ್ತೆ ತಾವೇ ಸೀರೆ ಉಟ್ಟು ಹೊರಟರು. "ಅಂವ ಬಿದ್ದಾನಂದ್ರ ಸುಮ್ನ ನಮ್ಮ ಮ್ಯಾಲೆ ಬರತೈತಿ" ಎಂದರು.

ಕಾಕಾನಿಗೆ ಆ ಆಟ ಚೆನ್ನಾಗಿ ಬರುತ್ತಿತ್ತೆಂದು ಹೇಳಲಾರೆ. ಉಳಿದವರು ಪಟ್ಟಿ ಬಾಚಿಕೊಂಡು ಓಡುವಾಗ ಇವರು, "ಎಲ್ಲಾರೂ ಅದಾರಿಲ್ಲೋ?" ಎಂದು ಕೇಳುತ್ತಾ ನಿಲ್ಲುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ಬೈಯುತ್ತಿದ್ದರು. ಒಂದು ಸಲ ವ್ಯಾನಿಗೆ ಹತ್ತೇ ಹೆಜ್ಜೆ ಇತ್ತು. ಹಿಂದೆ ಒಬ್ಬ ಬಿದ್ದು, ಎಬ್ಬಿಸಿರೆಂದು ಕೂಗುತ್ತಿದ್ದ. ಅವನೇ ತುಸು ಮೊದಲು ನಮ್ಮೆದುರಿಗಿದ್ದ ಪಟ್ಟಿಯನ್ನು ಹಾರಿಸಿಕೊಂಡು ಹೋಗಿದ್ದ.

"ಹಿಂದಕ ನಡಿ ಯವ್ವಾ."

"ಕಾಕಾ, ಅಂವ ನಮ್ಮ ಪಟ್ಟಿ ಕದ್ದಾನ್ರಿ."

"ಕದೀಲಿ ಬಿಡು. ಟಿಕೀಟ್ ಇಲ್ಲದವರನ್ನೂ ನಾ ಅಡವ್ಯಾಗ ಇಳಿಸಿಲ್ಲ."

ಹಿಂದಕ್ಕೆ ನಡೆಸಿದೆ. ಅವನನ್ನು ಎಬ್ಬಿಸುವಷ್ಟರಲ್ಲಿ ಹೆಣಗಳು ಮುತ್ತಿದವು. ಆ ಕಳ್ಳ ತಿರುಗಿಯೂ ನೋಡದೆ ಓಡಿ ವ್ಯಾನು ಹತ್ತಿದ. ಪರದೆ ಕೆಂಪಾಯಿತು.

"ಹೋಗಿ ಹೋಗಿ ಕಳ್ಳನ ಸಲುವಾಗಿ ಸತ್ರಲ್ರೀ ಕಂಡಕ್ಟರ್ರ!" ಅತ್ತೆ ಕೂಗಿದ ರಭಸಕ್ಕೆ ಮಷೀನು ಕಿಂಯ್ ಎಂದಿತು. ನರ್ಸ್ ಓಡಿ ಬಂದರು.

"ಅಂವ ಮನಿ ಮುಟ್ಟಿದ್ನಲ್ರಿ ಅಕ್ಕಾರ" ಎಂದು ಕಾಕಾ ಹೊಸ ಆಟ ಶುರುಮಾಡಿದರು.

ಹೀಗೆ ಏಳೆಂಟು ತಿಂಗಳು ಅತ್ತೆ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ.

ಒಂದು ಸೋಮವಾರ ಪಕ್ಕದ ಮಂಚ ಖಾಲಿ ಇತ್ತು. ಹೊಸದಾಗಿ ಒಗೆದ ಚಾದರ, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ನರ್ಸ್ ನನ್ನನ್ನು ಬಾಗಿಲ ಹೊರಗೆ ಕರೆದು, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಹೋದರಂತೆ ಎಂದರು. ಹೂಂ ಅಂದೆ. ಅಳು ಬರಲಿಲ್ಲ. ಇದು ಗೊತ್ತಾದರೆ ಅತ್ತೆ ಇನ್ನು ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಒಳಗೆ ಹೋಗಿ, "ಕಾಕಾನ ಪಾಳಿ ಬದಲಾಗೇತಂತ್ರಿ ಅತ್ತಿ, ಇನ್ನ ಬೆಳಿಗ್ಗೆ ಬರ್ತಾರಂತ" ಎಂದೆ. ಅತ್ತೆ ಆ ಚಾದರವನ್ನು ನೋಡಿ, "ಹೌದನ?" ಎಂದು ಕೈ ಚಾಚಿ ಮಲಗಿದರು.

ಆಮೇಲೂ ಅವರು ಬರುತ್ತಲೇ ಇದ್ದರು. ನನ್ನ ಸುಳ್ಳು ನಡೆಯುತ್ತಿದೆ ಎಂದುಕೊಂಡಿದ್ದೆ.

ತಿಂಗಳ ಮೇಲೆ ಆ ಮಂಚಕ್ಕೆ ಯಾವಗಲ್ ಊರಿನ ಒಬ್ಬ ಹೆಣ್ಣುಮಗಳು ಬಂದಳು. ಎರಡನೆಯ ದಿನವೇ ಇನ್ನು ಬರುವುದಿಲ್ಲವೆಂದು ಅಳತೊಡಗಿದಳು. ನಾನು ಚಹಾ ತರಲು ಹೋಗಿದ್ದೆ. ತಿರುಗಿ ಬಂದಾಗ ಬಾಗಿಲಲ್ಲೇ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಹಂಗನಬ್ಯಾಡ ತಂಗಿ. ನಿನಕಿಂತ ಮೊದಲ ಇಲ್ಲೊಬ್ಬ ಕಂಡಕ್ಟರ್ ಇದ್ದ. ಭಾಳ ಚಲೋ ಮನಷ್ಯಾ. ಹೋಗಿ ತಿಂಗಳಾತು. ನಮ್ಮ ಸೊಸಿಗೆ ಮಾತ್ರ ಹೇಳಬ್ಯಾಡ, ಆಕಿಗೆ ಗೊತ್ತಿಲ್ಲ. ಪಾಳಿ ಬದಲಾಗೇತಿ ಅಂತ ಯಾರೋ ಹೇಳ್ಯಾರ, ಖರೇ ಅಂತ ತಿಳಕೊಂಡಾಳ. ಇಲ್ಲಿಗೆ ಬಂದರ ಆಕಿ ಮಾರಿ ಒಂದೀಟು ಗೆಲುವಾಕ್ಕಿತ್ತು. ಅದಕ್ಕ ನಾ ತಪ್ಪದ ಕರಕೊಂಡ ಬರ್ತೀನಿ."

ಚಹಾದ ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು. ಅದನ್ನು ಬೆರಳಿನಿಂದ ತೆಗೆದು ಒಳಗೆ ಹೋದೆ.

"ಇವತ್ತೂ ಬರಲಿಲ್ಲಲ್ಲ ನಿಮ್ಮ ಕಾಕಾ" ಎಂದರು ಅತ್ತೆ, ನನ್ನ ಮುಖ ನೋಡದೆ.

"ಬೆಳಗಿನ ಪಾಳಿ ಅಲ್ಲೇನ್ರಿ ಅತ್ತಿ" ಎಂದೆ.